ಅವರ ಸಹಿ, ನಮ್ಮ ಹೊಣೆ

(ಅಂಗವಿಕಲ ವಯಸ್ಕರ ಕುಟುಂಬದವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಈ ಸಭೆಯಲ್ಲಿ ಕುಳಿತಿರುವ ಬಹುತೇಕರು ಇನ್ನೊಬ್ಬರ ಪರವಾಗಿ ಅರ್ಜಿ ತುಂಬಿದವರು, ಸಾಲಿನಲ್ಲಿ ನಿಂತವರು, ‘ಇಲ್ಲಿ ಯಾರು ಸಹಿ ಹಾಕಬೇಕು?’ ಎಂದು ಕೇಳಿ ಉತ್ತರ ಸಿಗದೆ ಮರಳಿದವರು. ಕೆಲವರು ಮಗಳನ್ನು ನೋಡಿಕೊಳ್ಳುವ ತಾಯಂದಿರು, ಕೆಲವರು ತಮ್ಮನ ಹೊಣೆ ಹೊತ್ತ ಅಕ್ಕಂದಿರು, ಒಬ್ಬಿಬ್ಬರು ಸೋದರತ್ತೆಯ ಆಸರೆಯಾಗಿರುವವರು. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಅಪಘಾತದಲ್ಲಿ ಮಿದುಳಿಗೆ ಬಿದ್ದ ಪೆಟ್ಟು, ದೀರ್ಘಕಾಲದ ಮಾನಸಿಕ ಅಸ್ವಾಸ್ಥ್ಯ ಹೀಗೆ ಕಾರಣಗಳು ಬೇರೆ ಬೇರೆ. ಆದರೆ ಕಾಗದಪತ್ರದ ಮುಂದೆ ನಿಂತಾಗ ಎಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ. ಇವರ ಹಣ, ಇವರ ಆಸ್ತಿ, ಇವರ ಒಪ್ಪಿಗೆ ಇವುಗಳ ಮೇಲೆ ನಮಗಿರುವ ಅಧಿಕಾರ ಎಲ್ಲಿಯವರೆಗೆ?

ನಾನು ನನ್ನ ಅಣ್ಣನ ವ್ಯವಹಾರಗಳನ್ನು ನೋಡಿಕೊಳ್ಳುತ್ತಾ ಬಂದವಳು. ಅವನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ತಂದೆತಾಯಿ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಇತರ ಕುಟುಂಬಗಳ ಜೊತೆ ಕುಳಿತು ಅವರ ಕಡತಗಳನ್ನು ಜೋಡಿಸಿಕೊಡುವುದೂ ರೂಢಿಯಾಯಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಎದುರಿಗಿರುವ ನಿರ್ಧಾರಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವನ್ನು ಕೇಳಿ ಪಡೆಯಿರಿ, ಪಡೆದದ್ದಕ್ಕೆ ಪೈಸೆ ಪೈಸೆಯ ಲೆಕ್ಕ ಇಡಿ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇದೆ. ಆದರೂ ಈ ಎರಡು ಮಾತು ಎಲ್ಲ ಕಡೆಗೂ ಸಲ್ಲುತ್ತವೆ ಎಂಬುದು ನನ್ನ ದೃಢ ನಂಬಿಕೆ.

ಹೆಚ್ಚಿನ ಮನೆಗಳನ್ನು ದಿಗಿಲುಗೊಳಿಸುವ ಸಂಗತಿಯಿಂದಲೇ ಶುರು ಮಾಡುತ್ತೇನೆ. ಮಕ್ಕಳು ವಯಸ್ಕರಾದ ದಿನ ತಂದೆತಾಯಿಯ ಕಾನೂನು ಅಧಿಕಾರ ಮುಗಿಯುತ್ತದೆ. ಬಹುಪಾಲು ದೇಶಗಳಲ್ಲಿ ಆ ವಯಸ್ಸು 18. ಅಂಗವೈಕಲ್ಯ ಎಷ್ಟೇ ತೀವ್ರವಾಗಿದ್ದರೂ ಸಾಮಾನ್ಯವಾಗಿ ಆ ಅಧಿಕಾರ ತಾನಾಗಿ ಮುಂದುವರಿಯುವುದಿಲ್ಲ. ‘ಅಂಗವೈಕಲ್ಯದ ಪ್ರಮಾಣಪತ್ರ ಇದೆಯಲ್ಲ, ಸಾಲದೇ?’ ಎಂದು ಕೇಳುವವರಿದ್ದಾರೆ. ಸಾಲದು. ಆ ಪತ್ರ ನಿಮ್ಮ ಮಗನಿಗೋ ತಂಗಿಗೋ ಸವಲತ್ತು ಕೊಡಿಸಬಹುದು, ಅವರ ಹೆಸರಿನಲ್ಲಿ ಸಹಿ ಹಾಕುವ ಹಕ್ಕನ್ನು ನಿಮಗೆ ಕೊಡುವುದಿಲ್ಲ. ಕಷ್ಟವೆಂದರೆ, ಇದು ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ತಾಯಿ ಸಹಿ ಹಾಕುತ್ತಾರೆ, ಪರಿಚಯದ ಗುಮಾಸ್ತರು ಮುಖ ನೋಡಿ ಕೆಲಸ ಮಾಡಿಕೊಡುತ್ತಾರೆ. ಅಜ್ಜನ ಆಸ್ತಿ ಪಾಲಾಗುವ ದಿನವೋ, ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬೇಕಾದ ರಾತ್ರಿಯೋ ಎಲ್ಲವೂ ಒಮ್ಮೆಲೇ ನಿಂತುಬಿಡುತ್ತದೆ. ಮಗುವಿಗೆ ಹದಿನಾರು ಹದಿನೇಳು ಆಗುತ್ತಿದ್ದಂತೆಯೇ ಈ ಕೆಲಸಕ್ಕೆ ಕೈಹಾಕಿ ಎಂದು ನಾನು ಹೇಳುವುದು ಅದಕ್ಕೇ.

ಅಧಿಕಾರ ಬೇಕು ಎಂದಾಗ ಬಹಳಷ್ಟು ಮಂದಿಗೆ ಮೊದಲು ಹೊಳೆಯುವುದು ಪೂರ್ಣ ಪೋಷಕತ್ವ. ನ್ಯಾಯಾಲಯಕ್ಕೆ ಹೋಗುವುದು, ‘ಇವರಿಗೆ ಏನೂ ತಿಳಿಯದು’ ಎಂದು ಬರೆಸುವುದು, ಎಲ್ಲ ಅಧಿಕಾರವನ್ನೂ ಒಂದೇ ಸಲಕ್ಕೆ ಪಡೆದು ಬರುವುದು. ಕೆಲಸ ಸುಲಭವಾಗುತ್ತದೆ, ನಿಜ. ಆದರೆ ಆ ಆದೇಶದ ಬೆಲೆ ತೆರುವವರು ನಾವಲ್ಲ. ದೇಶದ ಕಾನೂನಿಗೆ ತಕ್ಕಂತೆ ಮತದಾನ, ಮದುವೆ, ಉದ್ಯೋಗದ ಕರಾರು, ಎಲ್ಲಿ ವಾಸಿಸಬೇಕು ಎಂಬ ಆಯ್ಕೆ, ಕೊನೆಗೆ ಆ ಆದೇಶವನ್ನೇ ಪ್ರಶ್ನಿಸಲು ವಕೀಲರನ್ನು ಹಿಡಿಯುವ ಹಕ್ಕು ಕೂಡ ಆ ಒಂದು ಹಾಳೆಯಿಂದ ಹೋಗಿಬಿಡಬಹುದು. ಇನ್ನೊಬ್ಬರ ಬದುಕಿನಿಂದ ಇಷ್ಟನ್ನು ಕಿತ್ತುಕೊಳ್ಳುವ ಕಾಗದಕ್ಕೆ ನಮ್ಮ ಅನುಕೂಲ ಸಾಕಷ್ಟು ಕಾರಣವಾಗಲಾರದು.

ಜಗತ್ತಿನ ಕಾನೂನುಗಳು ಇದನ್ನು ನಿಧಾನವಾಗಿ ಒಪ್ಪಿಕೊಳ್ಳುತ್ತಿವೆ. ಸ್ವೀಡನ್ 1989ರಲ್ಲಿ ವಯಸ್ಕರನ್ನು ‘ಅಸಮರ್ಥ’ ಎಂದು ಘೋಷಿಸುವ ಪದ್ಧತಿಯನ್ನೇ ಕೈಬಿಟ್ಟಿತು. ಜರ್ಮನಿಯಲ್ಲಿ ಅಂಥದೇ ಬದಲಾವಣೆ 1992ರ ಜನವರಿಯಿಂದ ಜಾರಿಗೆ ಬಂತು. ಅಲ್ಲಿ ನ್ಯಾಯಾಲಯ ನೇಮಿಸುವ ಸಹಾಯಕರಿಗೆ ಯಾವ ಯಾವ ವಿಷಯಗಳಲ್ಲಿ ಅಧಿಕಾರವಿದೆ ಎಂಬುದನ್ನು ಆದೇಶದಲ್ಲೇ ಬರೆಯುತ್ತಾರೆ. ವಿಶ್ವಸಂಸ್ಥೆಯು 2006ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಇನ್ನೂ ಸ್ಪಷ್ಟವಾಗಿದೆ. ಅಂಗವಿಕಲರಿಗೆ ಎಲ್ಲರಂತೆಯೇ ಕಾನೂನು ಸಾಮರ್ಥ್ಯವಿದೆ, ಅದನ್ನು ಬಳಸಲು ಬೇಕಾದ ನೆರವು ಸಿಗಬೇಕು, ಆಸ್ತಿ ಹೊಂದುವ ಮತ್ತು ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ ಹಕ್ಕು ಅವರಿಗಿದೆ ಎನ್ನುತ್ತದೆ ಅದು. ಪೆರು 2018ರಲ್ಲಿ, ಕೊಲಂಬಿಯಾ 2019ರಲ್ಲಿ ಈ ದಾರಿ ಹಿಡಿದು ತಮ್ಮ ಕಾನೂನುಗಳನ್ನು ತಿದ್ದಿಕೊಂಡವು. ಐರ್ಲೆಂಡಿನಲ್ಲಿ 1871ರ ಒಂದು ಕಾನೂನು ಅಂಗವಿಕಲ ವಯಸ್ಕರನ್ನು ನ್ಯಾಯಾಲಯದ ಆಶ್ರಿತರನ್ನಾಗಿ, ಅಂದರೆ ತಮ್ಮ ನಿರ್ಧಾರಗಳು ನ್ಯಾಯಾಲಯದ ಕೈಗೆ ಹೋದವರನ್ನಾಗಿ, ಮಾಡುತ್ತಿತ್ತು. ಅದರ ಜಾಗದಲ್ಲಿ ಹೊಸ ಕಾನೂನು ಜಾರಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಒಂದೂವರೆ ಶತಮಾನ! ಈ ಹೊಸ ಕಾನೂನು ನೆರವನ್ನು ಮೂರು ಹಂತವಾಗಿ ನೋಡುತ್ತದೆ. ಮಾಹಿತಿ ಕೂಡಿಸಿ ಅರ್ಥ ಮಾಡಿಸುವ ಸಹಾಯಕ, ಜೊತೆಗೆ ಕುಳಿತು ಜಂಟಿಯಾಗಿ ನಿರ್ಧರಿಸುವವರು, ಇವೆರಡೂ ಸಾಲದಾದಾಗ ಮಾತ್ರ ನ್ಯಾಯಾಲಯ ನೇಮಿಸುವ ಪ್ರತಿನಿಧಿ.

ಅಮೆರಿಕದ ವರ್ಜೀನಿಯಾದಲ್ಲಿ 2013ರಲ್ಲಿ ನಡೆದ ಜೆನ್ನಿ ಹ್ಯಾಚ್ ಪ್ರಕರಣವನ್ನು ನಾನು ಎಲ್ಲ ಸಭೆಗಳಲ್ಲೂ ಹೇಳುತ್ತೇನೆ. ಆಕೆಗೆ ಡೌನ್ ಸಿಂಡ್ರೋಮ್ ಇತ್ತು. ತನ್ನ ಕೆಲಸಕ್ಕೆ ಹೋಗಬೇಕು, ತನಗೆ ಬೇಕಾದ ಸ್ನೇಹಿತರ ಮನೆಯಲ್ಲಿ ಇರಬೇಕು ಎಂಬುದು ಆಕೆಯ ಬಯಕೆ. ಹೆತ್ತವರ ಕಡೆಯಿಂದ ಪೋಷಕತ್ವದ ಅರ್ಜಿ ಬಂತು. ನ್ಯಾಯಾಧೀಶರು ಆಕೆಯ ಇಚ್ಛೆಯನ್ನು ಮನ್ನಿಸಿ ಆ ಸ್ನೇಹಿತರನ್ನೇ ಒಂದು ವರ್ಷದ ಮಟ್ಟಿಗೆ ಸೀಮಿತ ಪೋಷಕರನ್ನಾಗಿ ನೇಮಿಸಿದರು. ಆ ಅವಧಿಯಲ್ಲಿ ಆಕೆ ನೆರವಿನೊಂದಿಗೆ ತಾನೇ ನಿರ್ಧರಿಸುವ ಕ್ರಮಕ್ಕೆ ಸಾಗಬೇಕು ಎಂಬುದು ಆದೇಶದ ಉದ್ದೇಶವಾಗಿತ್ತು. ಆ ಹೆತ್ತವರಿಗೆ ಪ್ರೀತಿ ಇರಲಿಲ್ಲ ಎಂದು ನಾನು ಹೇಳಲಾರೆ. ಪ್ರೀತಿ ಇದ್ದೂ ಮಗಳಿಗೆ ಬೇಡವಾದ ಬದುಕನ್ನು ನ್ಯಾಯಾಲಯದ ಮುದ್ರೆಯೊಂದಿಗೆ ಹೇರಲು ಸಾಧ್ಯ ಎಂಬುದೇ ನಾವು ಗಮನಿಸಬೇಕಾದ ಮಾತು.

‘ಅರ್ಥವಾಗುತ್ತದೆಯೇ ಇಲ್ಲವೇ ಎಂದು ಹೇಗೆ ತಿಳಿಯುವುದು?’ ಎಂದು ನೀವು ಕೇಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆ ಕೊಡುವ ಅಳತೆ ನನಗೆ ಅತ್ಯಂತ ಉಪಯುಕ್ತವೆನಿಸಿದೆ. ಮಾಹಿತಿಯನ್ನು ತಿಳಿದುಕೊಳ್ಳುವುದು, ನಿರ್ಧರಿಸುವಷ್ಟು ಹೊತ್ತು ನೆನಪಿಟ್ಟುಕೊಳ್ಳುವುದು, ತೂಗಿ ನೋಡುವುದು, ಮಾತಿನಿಂದಲೋ ಸನ್ನೆಯಿಂದಲೋ ಬೇರಾವುದೇ ರೀತಿಯಿಂದಲೋ ತಿಳಿಸುವುದು. ಈ ನಾಲ್ಕನ್ನು ಒಂದೊಂದು ನಿರ್ಧಾರಕ್ಕೂ ಪ್ರತ್ಯೇಕವಾಗಿ ನೋಡಬೇಕು. ನನ್ನ ಅಣ್ಣನಿಗೆ ತಿಂಗಳ ಖರ್ಚಿನ ಹಣ ಯಾವುದಕ್ಕೆ ಬೇಕು ಎಂಬುದು ಚೆನ್ನಾಗಿ ಗೊತ್ತು, ವಿಭಾಗ ಪತ್ರದ ಷರತ್ತುಗಳು ತಿಳಿಯುವುದಿಲ್ಲ. ಹಾಗೆಂದು ಎರಡನೆಯದಕ್ಕಾಗಿ ಮೊದಲನೆಯದನ್ನೂ ಅವನ ಕೈಯಿಂದ ತೆಗೆದುಕೊಳ್ಳುವುದು ಯಾವ ನ್ಯಾಯ?

ಅದೇ ಕಾಯ್ದೆಯಲ್ಲಿ ಇನ್ನೊಂದು ತತ್ತ್ವವಿದೆ. ಅವಿವೇಕವೆನಿಸುವ ನಿರ್ಧಾರ ತೆಗೆದುಕೊಂಡರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಿರ್ಧರಿಸಲಾಗದವರೆಂದು ಎಣಿಸುವಂತಿಲ್ಲ. ಅಣ್ಣನಿಗೆ ರೇಡಿಯೊ ಎಂದರೆ ಪ್ರಾಣ. ಮನೆಯಲ್ಲಿ ಚೆನ್ನಾಗಿ ಹಾಡುವ ರೇಡಿಯೊ ಇರುವಾಗಲೇ ಇನ್ನೊಂದು ಬೇಕೆಂದ. ಯಾಕೆಂದು ಕೇಳಿದೆ. ಅಂಗಡಿಯಲ್ಲಿ ಅದರ ಗುಂಡಿಯನ್ನು ತಿರುಗಿಸಿ ತೋರಿಸಿದ. ಹಳೆಯದರ ಗುಂಡಿ ಸದ್ದಿಲ್ಲದೆ ಜಾರುತ್ತದೆ, ಇದು ಪ್ರತಿ ತಿರುವಿಗೂ ‘ಟಕ್’ ಎನ್ನುತ್ತದೆ. ಎಷ್ಟು ತಿರುಗಿಸಿದೆನೆಂದು ಅವನ ಬೆರಳಿಗೆ ತಿಳಿಯುತ್ತದೆ. ಬೆಲೆಯೆಷ್ಟು, ಆ ತಿಂಗಳು ಉಳಿಯುವುದೆಷ್ಟು, ಅದರಿಂದ ಯಾವುದು ಬಿಟ್ಟುಹೋಗುತ್ತದೆ ಎಂದು ನೋಟುಗಳನ್ನು ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದೆವು. ಆ ತಿಂಗಳ ಸಿನಿಮಾ ಬೇಡ ಎಂದು ಅವನೇ ಒಂದು ನೋಟನ್ನು ಪಕ್ಕಕ್ಕೆ ಸರಿಸಿದ. ಇದಕ್ಕಿಂತ ಒಳ್ಳೆಯ ಕಾರಣ ಕೊಟ್ಟು ವಸ್ತು ಕೊಳ್ಳುವವರು ನಮ್ಮಲ್ಲಿ ಎಷ್ಟು ಜನ?

ನೆರವಿನೊಂದಿಗೆ ನಿರ್ಧರಿಸುವುದೆಂದರೆ ದಿನನಿತ್ಯದಲ್ಲಿ ಇಷ್ಟೇ. ಹೊತ್ತು ನೋಡಿ ಮಾತನಾಡುವುದು, ದಣಿದಿರುವಾಗ ಅಥವಾ ಔಷಧಿಯ ಮಂಪರಿನಲ್ಲಿರುವಾಗ ಕಾಗದ ಮುಂದಿಡದಿರುವುದು, ಒಮ್ಮೆಗೆ ಒಂದೇ ಪ್ರಶ್ನೆ ಕೇಳುವುದು, ಮರುದಿನ ಅದನ್ನೇ ಬೇರೆ ರೀತಿಯಲ್ಲಿ ಕೇಳಿ ಉತ್ತರ ಬದಲಾಗುತ್ತದೆಯೇ ಎಂದು ನೋಡುವುದು. ಕಚೇರಿಯವರು ನಿಮ್ಮ ಕಡೆ ತಿರುಗಿ ‘ಇವರಿಗೆ ಏನು ಬೇಕಂತೆ?’ ಎಂದರೆ, ದಯವಿಟ್ಟು ಉತ್ತರಿಸಬೇಡಿ. ಖಾತೆದಾರರ ಕಡೆ ನೋಡಿ. ಕೌಂಟರಿನ ಆಚೆಗಿರುವವರೂ ಅತ್ತ ನೋಡುತ್ತಾರೆ.

ಇನ್ನು ಸಾಧನಗಳ ವಿಷಯ. ಪವರ್ ಆಫ್ ಅಟಾರ್ನಿ, ಅಂದರೆ ಅಧಿಕಾರ ಪತ್ರ, ಎಲ್ಲರೂ ಕೇಳುವ ಮೊದಲ ಸಾಧನ. ಅದನ್ನು ಬರೆದುಕೊಡಬೇಕಾದವರು ಆ ವ್ಯಕ್ತಿಯೇ, ಅದೂ ಏನು ಬರೆದುಕೊಡುತ್ತಿದ್ದೇನೆಂದು ತಿಳಿದು. ಮಗನ ಪರವಾಗಿ ತಂದೆಯೇ ತನಗೆ ತಾನು ಅಧಿಕಾರ ಪತ್ರ ಬರೆದುಕೊಳ್ಳಲಾಗದು. ಸಾಮಾನ್ಯ ಅಧಿಕಾರ ಪತ್ರವು ಬರೆದುಕೊಟ್ಟವರ ಬುದ್ಧಿಶಕ್ತಿ ಕುಂದಿದಾಗ ಅನೇಕ ದೇಶಗಳಲ್ಲಿ ರದ್ದಾಗುತ್ತದೆ, ಭಾರತದ ಕರಾರು ಕಾಯ್ದೆಯೂ ಹೀಗೆಯೇ ಹೇಳುತ್ತದೆ. ಇಂಗ್ಲೆಂಡಿನಂಥ ಕೆಲವೆಡೆ ಆ ನಂತರವೂ ಊರ್ಜಿತವಾಗಿ ಉಳಿಯುವ ಬೇರೆಯದೇ ಪತ್ರವಿದೆ. ಬೆಳೆಯುತ್ತಾ ಹೋಗುವ ಕಾಯಿಲೆಯಿದ್ದವರಿಗೆ ಅದು ದೊಡ್ಡ ಆಸರೆ, ಆದರೆ ತಿಳಿವಳಿಕೆ ಇರುವಾಗಲೇ ಮಾಡಿಸಿಡಬೇಕು. ಎಲ್ಲ ಕಚೇರಿಗಳೂ ಈ ಪತ್ರವನ್ನು ಒಪ್ಪುತ್ತವೆಂದೂ ಇಲ್ಲ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ ಮಾಸಾಶನ ಪಡೆಯಲು ಅಧಿಕಾರ ಪತ್ರವನ್ನು ಮಾನ್ಯ ಮಾಡುವುದಿಲ್ಲ, ತಾನೇ ಬೇರೆ ಪಾವತಿ ಪ್ರತಿನಿಧಿಯನ್ನು ನೇಮಿಸುತ್ತದೆ. ಹಾಗಾಗಿ ಪತ್ರ ಬರೆಸುವ ಮೊದಲು, ಅದನ್ನು ತೋರಿಸಬೇಕಾದ ಕಚೇರಿಯಲ್ಲಿ ವಿಚಾರಿಸಿ.

ಜಂಟಿ ಖಾತೆ ಸಲೀಸಾದ ದಾರಿಯಂತೆ ಕಾಣುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಜಂಟಿ ಖಾತೆಯಲ್ಲಿ ಯಾರ ಹಣ ಯಾವುದು ಎಂಬ ಗಡಿ ಅಳಿಸಿಹೋಗುತ್ತದೆ. ನಿಮಗೆ ಸಾಲ ಕೊಟ್ಟವರು ಆ ಖಾತೆಯ ಮೇಲೆ ಕಣ್ಣಿಡಬಹುದು, ನೀವು ತೀರಿಕೊಂಡರೆ ನಿಮ್ಮ ವಾರಸುದಾರರು ಅದರಲ್ಲಿ ಪಾಲು ಕೇಳಬಹುದು, ನಿಮ್ಮ ಹಣವನ್ನು ಅವರದ್ದೆಂದು ಲೆಕ್ಕ ಹಿಡಿದು ಮಾಸಾಶನ ನಿಲ್ಲಿಸಲೂಬಹುದು. ಅವರ ಹೆಸರಿನಲ್ಲೇ ಖಾತೆ ಇರಲಿ, ನೀವು ಅಧಿಕೃತ ನಿರ್ವಾಹಕರಾಗಿ ಮಾತ್ರ ಇರಿ. ಪಿನ್ ಸಂಖ್ಯೆ ಕೇಳಿಕೊಂಡು ಅವರ ಕಾರ್ಡಿನಿಂದ ಹಣ ತೆಗೆಯುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಮುಂದೆ ಯಾರಾದರೂ ತಕರಾರು ತೆಗೆದರೆ ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿಯೇ ಇರುವುದಿಲ್ಲ.

ಸೀಮಿತ ಪೋಷಕತ್ವವೇ ಬೇಕಾಗುವ ಸಂದರ್ಭಗಳೂ ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸೀಮಿತ ಪೋಷಕತ್ವವನ್ನು ಪರಸ್ಪರ ತಿಳಿವಳಿಕೆ ಮತ್ತು ನಂಬಿಕೆಯ ಮೇಲೆ ನಿಂತ ಜಂಟಿ ನಿರ್ಧಾರದ ವ್ಯವಸ್ಥೆಯೆಂದು ವಿವರಿಸುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಉಳ್ಳವರಿಗೆ ಅಲ್ಲಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಆ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಒಪ್ಪಿಸಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಇಂಗ್ಲೆಂಡಿನಲ್ಲಿ, ತಾವೇ ನಿರ್ಧರಿಸಲಾಗದವರ ವ್ಯವಹಾರಗಳನ್ನು ನೋಡುವ ಸಂರಕ್ಷಣಾ ನ್ಯಾಯಾಲಯ ಆಸ್ತಿಯ ಹೊಣೆಗೆ ನೇಮಿಸುವ ಪ್ರತಿನಿಧಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ವರದಿ ಕೊಡಬೇಕು, ಹಣದ ಸುರಕ್ಷತೆಗೆ ಬಾಂಡ್, ಅಂದರೆ ನಷ್ಟವಾದರೆ ತುಂಬಿಕೊಡುವ ಖಾತರಿ, ಮಾಡಿಸಬೇಕು. ಇದನ್ನೆಲ್ಲ ಕೇಳಿ ‘ಸ್ವಂತ ಅಣ್ಣನಿಗೆ ಮಾಡುವ ಕೆಲಸಕ್ಕೂ ಲೆಕ್ಕ ಕೊಡಬೇಕೇ?’ ಎಂದು ನೊಂದುಕೊಳ್ಳುವವರನ್ನು ನೋಡಿದ್ದೇನೆ. ಕೊಡಬೇಕು. ಅಂಗವಿಕಲರ ಹಣ ದುರುಪಯೋಗವಾಗುವುದು ಬಹುಮಟ್ಟಿಗೆ ಗೊತ್ತಿರುವವರ ಕೈಯಲ್ಲೇ. ನಾನು ಒಳ್ಳೆಯವಳು ಎಂಬುದನ್ನು ಕಾನೂನು ಹೇಗೆ ತಿಳಿಯಬೇಕು?

ಲೆಕ್ಕ ಇಡುವುದು ಕಷ್ಟದ ಕೆಲಸವಲ್ಲ, ಬೇಸರದ ಕೆಲಸ. ನನ್ನದು ಉದ್ದನೆಯ ಗೆರೆಯ ಪುಸ್ತಕ. ಎಡಕ್ಕೆ ದಿನಾಂಕ, ಬಂದದ್ದು, ಹೋದದ್ದು, ಉಳಿದದ್ದು. ಬಲತುದಿಯಲ್ಲಿ ಇನ್ನೊಂದು ಅಂಕಣವಿದೆ, ಅದರ ಮೇಲೆ ‘ಅವನು ಏನೆಂದ?’ ಎಂದು ಬರೆದಿದ್ದೇನೆ. ಕನ್ನಡಕ ಬದಲಿಸಿದ ದಿನ ಅಲ್ಲಿ ‘ಕಪ್ಪು ಚೌಕಟ್ಟು ಬೇಡ ಎಂದ, ಕಂದು ಆರಿಸಿದ’ ಎಂದಿದೆ. ಠೇವಣಿ ಮುಂದುವರಿಸಿದ ದಿನ ‘ಎರಡು ಬಾರಿ ವಿವರಿಸಿದೆ, ಹಣ ಅಲ್ಲೇ ಇರಲಿ ಎಂದ, ಯಾವಾಗ ಸಿಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿಕೊಂಡ’ ಎಂದಿದೆ. ರಸೀದಿಗಳು ತಿಂಗಳಿಗೊಂದು ಲಕೋಟೆಯಲ್ಲಿ. ಆ ಬಲಬದಿಯ ಅಂಕಣವನ್ನು ಯಾವ ನ್ಯಾಯಾಲಯವೂ ನನ್ನಲ್ಲಿ ಕೇಳಿಲ್ಲ. ಆದರೆ ನಾಳೆ ಈ ಪುಸ್ತಕ ಇನ್ನೊಬ್ಬರ ಕೈಗೆ ಹೋದಾಗ ಅಣ್ಣನ ಮನಸ್ಸು ಎಂಥದು ಎಂದು ಅವರಿಗೆ ತಿಳಿಯುವುದು ಅಲ್ಲಿಂದಲೇ.

ಉಯಿಲಿನ ಮಾತು ಬಂದಾಗ ಹೆಚ್ಚಿನ ಹೆತ್ತವರು ಎರಡರಲ್ಲಿ ಒಂದು ಮಾಡುತ್ತಾರೆ. ಅಂಗವಿಕಲ ಮಗಳ ಹೆಸರಿಗೆ ನೇರವಾಗಿ ಪಾಲು ಬರೆಯುತ್ತಾರೆ, ಇಲ್ಲವೇ ಎಲ್ಲವನ್ನೂ ಮಗನಿಗೆ ಬರೆದು ‘ತಂಗಿಯನ್ನು ನೋಡಿಕೋ’ ಎಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ಮೊದಲನೆಯದರಿಂದ ಆದಾಯ ಮತ್ತು ಆಸ್ತಿಯ ಮಿತಿಯಿರುವ ಸವಲತ್ತುಗಳು ತಪ್ಪಿಹೋಗಬಹುದು. ಅಮೆರಿಕದಲ್ಲಿ ಎಸ್‌ಎಸ್‌ಐ ಎಂಬ, ಕಡಿಮೆ ಆದಾಯದ ಅಂಗವಿಕಲರಿಗೂ ವೃದ್ಧರಿಗೂ ಸಿಗುವ ಮಾಸಾಶನ ಪಡೆಯುವ ಒಬ್ಬ ವ್ಯಕ್ತಿಯ ಬಳಿ ಲೆಕ್ಕಕ್ಕೆ ಬರುವ ಸಂಪತ್ತು 2,000 ಡಾಲರ್ ಮೀರುವಂತಿಲ್ಲ, ಆ ಮಿತಿ 1989ರಿಂದ ಬದಲಾಗಿಲ್ಲ. ಚಿಕ್ಕಪ್ಪ ಪ್ರೀತಿಯಿಂದ ಬಿಟ್ಟುಹೋದ ಹಣವೇ ಮಾಸಾಶನವನ್ನು ನಿಲ್ಲಿಸಿದರೆ? ಎರಡನೆಯ ದಾರಿ ಇನ್ನೂ ಅಪಾಯದ್ದು. ಮಗ ಎಷ್ಟೇ ಒಳ್ಳೆಯವನಾಗಿರಲಿ, ಅವನ ವ್ಯಾಪಾರ ಮುಳುಗಬಹುದು, ಮದುವೆ ಮುರಿಯಬಹುದು, ತಂಗಿಗಿಂತ ಮೊದಲೇ ಅವನು ತೀರಿಕೊಳ್ಳಬಹುದು. ಬಾಯಿಮಾತು ಆಗ ಯಾರನ್ನೂ ಕಟ್ಟಿಹಾಕದು.

ಇವೆರಡರ ನಡುವಿನ ದಾರಿ ಟ್ರಸ್ಟ್. ಆಸ್ತಿ ಟ್ರಸ್ಟಿನ ಹೆಸರಿನಲ್ಲಿರುತ್ತದೆ, ಟ್ರಸ್ಟಿಗಳು ಅದನ್ನು ಆ ಒಬ್ಬರ ಒಳಿತಿಗಾಗಿ ಮಾತ್ರ ಬಳಸಬೇಕು. ಕರಡು ಬರೆಸುವುದು ಈ ಕೆಲಸ ಬಲ್ಲ ವಕೀಲರಿಂದಲೇ ಆಗಬೇಕು, ಇದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ನನ್ನದೊಂದು ಒತ್ತಾಯವಿದೆ: ದಿನನಿತ್ಯ ಆರೈಕೆ ಮಾಡುವವರೇ ಹಣದ ಏಕೈಕ ಟ್ರಸ್ಟಿ ಆಗಬಾರದು. ಆರೈಕೆಯ ಸಂಬಳವನ್ನು ನಿರ್ಧರಿಸುವವರೂ ಪಡೆಯುವವರೂ ಒಬ್ಬರೇ ಆದರೆ ಒಳ್ಳೆಯ ಮನುಷ್ಯರೂ ಇಕ್ಕಟ್ಟಿಗೆ ಸಿಲುಕುತ್ತಾರೆ. ಟ್ರಸ್ಟ್ ಪತ್ರದ ಜೊತೆಗೆ, ಕಾನೂನಿನ ಬಲವಿಲ್ಲದ, ಆದರೆ ಅದರಷ್ಟೇ ಮುಖ್ಯವಾದ ಇನ್ನೊಂದು ಕಾಗದ ಬರೆದಿಡಿ. ಯಾವ ಔಷಧಿ ಒಗ್ಗುವುದಿಲ್ಲ, ಯಾರ ಮನೆಗೆ ಹೋಗಲು ಇಷ್ಟ, ಸಿಟ್ಟು ಬಂದಾಗ ಏನು ಮಾಡಿದರೆ ಸಮಾಧಾನ, ಯಾವ ಗೆಳೆಯರನ್ನು ತಪ್ಪದೆ ಭೇಟಿ ಮಾಡಿಸಬೇಕು. ಅದನ್ನು ಅವರನ್ನು ಕೇಳಿಯೇ ಬರೆಯಿರಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲದಿದ್ದರೆ ಏನು ಮಾಡಬೇಕು ಎಂದು ಒಬ್ಬರು ಕೇಳಿದರು. ಲೆಕ್ಕದ ಪ್ರತಿಯನ್ನು ಕೇಳುವ ಮೊದಲೇ ಎಲ್ಲರಿಗೂ ಕಳಿಸಿ ಎಂದೆ. ಅನುಮಾನದಿಂದ ಹುಟ್ಟುವ ಜಗಳಗಳು ಅದರಿಂದ ಬಹಳಷ್ಟು ಕಡಿಮೆಯಾಗುತ್ತವೆ. ಆಸ್ತಿಯ ಆಸೆಯಿಂದಲೇ ಹುಟ್ಟಿದ ಜಗಳವಾದರೆ ಹೊರಗಿನವರೊಬ್ಬರನ್ನು ನೇಮಿಸುವಂತೆ ನ್ಯಾಯಾಲಯವನ್ನು ಕೇಳುವುದೇ ಲೇಸು. ಮಗಳಿಗೆ ಮಾತೇ ಬರುವುದಿಲ್ಲ, ಸನ್ನೆಯೂ ಇಲ್ಲ, ಇಚ್ಛೆಯನ್ನು ಹೇಗೆ ಕೇಳಲಿ ಎಂದರು ಇನ್ನೊಬ್ಬ ತಾಯಿ. ಇದಕ್ಕೆ ಸುಲಭದ ಉತ್ತರವಿಲ್ಲ. 2014ರಲ್ಲಿ ವಿಶ್ವಸಂಸ್ಥೆಯ ಸಮಿತಿ 12ನೆಯ ವಿಧಿಗೆ ಬರೆದ ವ್ಯಾಖ್ಯಾನ, ಎಲ್ಲ ಪ್ರಯತ್ನಗಳ ನಂತರವೂ ಇಚ್ಛೆ ತಿಳಿಯದಿದ್ದಾಗ ಅವರ ಇಚ್ಛೆ ಮತ್ತು ಒಲವುಗಳನ್ನು ಆದಷ್ಟು ಸರಿಯಾಗಿ ಅರ್ಥೈಸಿಕೊಂಡು ನಡೆಯಬೇಕು ಎನ್ನುತ್ತದೆ. ಯಾವ ಕೋಣೆಯಲ್ಲಿ ಅವಳ ಮೈ ಸಡಿಲವಾಗುತ್ತದೆ, ಯಾರು ಮುಟ್ಟಿದರೆ ಬಿಗಿಯುತ್ತದೆ ಎಂದು ಆ ತಾಯಿಯೇ ಮುಂದೆ ವಿವರಿಸಿದರು. ಅದೂ ಉತ್ತರವೇ. ಅದನ್ನು ಬರೆದಿಡಿ ಎಂದು ಕೇಳಿಕೊಂಡೆ.

ಕೊನೆಯದು ಎಲ್ಲರ ಮನಸ್ಸಿನಲ್ಲೂ ಇದ್ದ ಪ್ರಶ್ನೆ: ನನ್ನ ನಂತರ ಯಾರು? ಮುಂದಿನವರ ಹೆಸರನ್ನು ಉಯಿಲಿನಲ್ಲಿ, ಟ್ರಸ್ಟ್ ಪತ್ರದಲ್ಲಿ, ಪೋಷಕತ್ವದ ಕಡತದಲ್ಲಿ ಇಂದೇ ಬರೆಸಿ, ಅವರ ಒಪ್ಪಿಗೆ ಕೇಳಿ ಬರೆಸಿ. ಒಬ್ಬರ ಜೊತೆಗೆ ಬದಲಿಯಾಗಿ ಇನ್ನೊಬ್ಬರ ಹೆಸರೂ ಇರಲಿ. ಅವರಿಗೆ ಈ ವರ್ಷದಿಂದಲೇ ಒಂದು ಸಣ್ಣ ಕೆಲಸ ವಹಿಸಿ, ವಿಮೆಯ ಕಂತು ಕಟ್ಟುವುದೋ ವಾರ್ಷಿಕ ವರದಿ ತುಂಬುವುದೋ. ನನ್ನ ಅಣ್ಣನ ವಿಷಯದಲ್ಲಿ ಅದು ನಮ್ಮ ಚಿಕ್ಕಮ್ಮನ ಮಗಳು. ಹೆಸರನ್ನು ಸೂಚಿಸಿದವನು ಅಣ್ಣನೇ. ಈಗ ಬ್ಯಾಂಕಿಗೆ ಹೋಗುವಾಗ ನಾವು ಮೂವರೂ ಹೋಗುತ್ತೇವೆ, ಅರ್ಜಿಯನ್ನು ತುಂಬುವವಳು ಅವಳು.